ಮೋತ್ಯಾನ ಮುಂಗಾಲು

ನಮ್ಮನ್ನು ಬೈಯಬೇಕಾದರೆ ಊರಿಗೆ ಒಂದು ನಾಯಿ ಬೇಕು. ನಾಯಿಪಾಡು, ನಾಯಿಬುದ್ಧಿ, ನಾಯಿಗೆ ಹಾಕಿದ ಕೂಳು. ಚಂಡಾಲರು ಊರ ಹೊರಗಿರಬೇಕು, ನಾಯಿ ಕತ್ತೆಗಳೇ ಅವರ ಆಸ್ತಿ ಎಂದು ಮನುಸ್ಮೃತಿಯ ಹತ್ತನೆಯ ಅಧ್ಯಾಯ ಬರೆದಿಟ್ಟಿದೆ. ಶ್ವಪಚ ಎಂದು ಹೆಸರನ್ನೂ ಇಟ್ಟರು. ನಾಯಿ ಬೇಯಿಸುವವನು ಎಂದು ಅದರ ಅರ್ಥ. ಮಹಾಡದ ಚವದಾರ ಕೆರೆಯಲ್ಲಿ ನಾಯಿ ನೀರು ಕುಡಿಯಬಹುದಿತ್ತು, ನಮ್ಮವರು ಕುಡಿಯುವಂತಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಆ ಕೆರೆಗೆ ಇಳಿದು ನೀರು ಕುಡಿದರು. 1931ರಲ್ಲಿ ಮುಂಬಯಿಯಲ್ಲಿ ಗಾಂಧೀಜಿಯ ಎದುರು ಕುಳಿತಾಗಲೂ, ತಮ್ಮ ಜನರನ್ನು ನಾಯಿ ಬೆಕ್ಕುಗಳಿಗಿಂತ ಕಡೆಯಾಗಿ ಕಾಣುವ ನಾಡನ್ನು ತಮ್ಮದೆಂದು ಹೇಗೆ ಕರೆಯಲಿ ಎಂದೇ ಕೇಳಿದರು.

ಇಂಥ ಚರಿತ್ರೆಯುಳ್ಳವರು ಒಂದು ನಾಯಿಯ ಕಾಲಿನ ಬಗ್ಗೆ ಈ ಪತ್ರಿಕೆಯಲ್ಲಿ ಬರೆಯುವುದೇ ಎಂದು ಕೇಳುವ ಗೆಳೆಯರಿದ್ದಾರೆ. ಕೇಳಲಿ. ಆ ಕಾಲು ಕಡಿಸಬೇಕೋ ಬೇಡವೋ ಎಂದು ನಮ್ಮ ಕೇರಿಯಲ್ಲಿ ಎರಡು ವಾರ ವಾದ ನಡೆಯಿತು. ಆ ವಾದದಲ್ಲಿ ಎದ್ದು ಬಂದ ಮಾತುಗಳು ನಾಯಿಯನ್ನು ದಾಟಿ ಹೋದವು. ಅದಕ್ಕಾಗಿ ಬರೆಯುತ್ತಿದ್ದೇವೆ.

ಖಾನಾಪುರದ ಜೇಡಿಮಣ್ಣಿಗೆ ಹೆಸರಿದೆ. ಹೆಂಚು, ಇಟ್ಟಂಗಿ, ಗಡಿಗೆ ಎಲ್ಲ ಆ ಮಣ್ಣಿನಿಂದಲೇ. ಕುಂಬಾರಿಕೆ ಕಲಿಸುವ ಖಾದಿ ಗ್ರಾಮೋದ್ಯೋಗದ ಸಂಸ್ಥೆಯೂ ಇಲ್ಲಿದೆ. ಆ ಮಣ್ಣನ್ನು ಅಗೆದವರು, ಹೊತ್ತವರು, ಸುಟ್ಟವರು ನಾವು. ನಮ್ಮ ಕೇರಿಯ ಎಷ್ಟೋ ಮನೆಗಳ ಒಲೆ ಹೊತ್ತುವುದು ಇಟ್ಟಂಗಿ ಭಟ್ಟಿಯ ಕೂಲಿಯಿಂದ. ಭಟ್ಟಿಯ ರಾತ್ರಿ ಕಾವಲಿಗೆ ಅಪ್ಪ ಹೋಗುವಾಗ ಜೊತೆಗೆ ಹೋಗುತ್ತಿದ್ದವನು ಮೋತ್ಯಾ.

ಭೀಮಗಡದ ಕಾಡಿನ ದಿಕ್ಕಿಗಿರುವ ಗೌಳಿಗಳ ದಡ್ಡಿಯಿಂದ ಅಪ್ಪ ಮರಿಯಾಗಿದ್ದಾಗ ಅವನನ್ನು ತಂದಿದ್ದ. ಉದ್ದ ಕಾಲು, ಒಳಸರಿದ ಹೊಟ್ಟೆ. ಎಲ್ಲೋ ಮುಧೋಳದ ಬೇಟೆನಾಯಿಯ ರಕ್ತ ಬೆರೆತಿರಬೇಕು ಎಂದು ನೋಡಿದವರು ಹೇಳುತ್ತಿದ್ದರು. ಎಂಟು ವರ್ಷ ನಮ್ಮ ರೊಟ್ಟಿ ತಿಂದ. ಊರೊಳಗೆ ಹಿಂದೆ ನಾಯಿ ಸತ್ತರೆ ನಮ್ಮ ಮುತ್ಯಾನಿಗೆ ಕರೆ ಬರುತ್ತಿತ್ತು. ಎಳೆದೊಯ್ದು ಹುಗಿಯಬೇಕು, ಕೂಲಿ ಕೇಳಬಾರದು. ಸತ್ತ ನಾಯಿಗೆ ನಾವು ಬೇಕಾಗಿದ್ದೆವು. ನಮ್ಮ ನಾಯಿಗೂ ಜಡ್ಡು ಬರಬಹುದು, ನಾವು ಅದಕ್ಕೆ ದವಾಖಾನೆ ಹುಡುಕಬಹುದು ಎಂಬುದು ಊರಿಗೆ ಹೊಸ ಮಾತು.

2024ರ ದೀಪಾವಳಿ ಕಳೆದ ಮೇಲೆ ಮೋತ್ಯಾ ಬಲ ಮುಂಗಾಲು ಎತ್ತಿ ನಡೆಯತೊಡಗಿದ. ಮುಳ್ಳು ಹೊಕ್ಕಿರಬೇಕೆಂದು ಅವ್ವ ಅರಿಸಿನ, ಬೇವಿನ ಎಲೆ ಅರೆದು ಕಟ್ಟಿದಳು. ಮುಳ್ಳು ಸಿಗಲಿಲ್ಲ. ಮಣಿಕಟ್ಟಿನ ಮೇಲೆ ಬಾವು ಎದ್ದಿತು. ಮುಟ್ಟಿದರೆ ಕಲ್ಲಿನಂತೆ ಗಟ್ಟಿ. ತಾಲೂಕಿನ ದನದ ದವಾಖಾನೆಯಲ್ಲಿ ಒಂದು ವಾರದ ಗುಳಿಗೆ ಕೊಟ್ಟರು. ಗುಳಿಗೆ ಇರುವ ತನಕ ನಡೆದ, ಮುಗಿದ ಮೇಲೆ ಮತ್ತೆ ಕಾಲೆತ್ತಿದ. ಎಲುಬಿನ ಎಕ್ಸ್‌ರೇ ತೆಗೆಸಿ ಎಂದರು.

ಬೀದಿನಾಯಿಗಳಿಗೆ ಬರುವ ಒಂದು ಗಡ್ಡೆಯನ್ನು ನಾವು ಮೊದಲೇ ನೋಡಿದ್ದೆವು. ಕೂಡುವಾಗ ಒಂದರಿಂದ ಇನ್ನೊಂದಕ್ಕೆ ಅಂಟುವ ಗಡ್ಡೆ ಅದು. ವಾರಕ್ಕೊಂದರಂತೆ ವಿನ್‌ಕ್ರಿಸ್ಟಿನ್ ಸೂಜಿ ಕೆಲವು ವಾರ ಹಾಕಿದರೆ ಬಹಳ ಸಲ ಕರಗಿಹೋಗುತ್ತದೆ. ಇದೂ ಅಂಥದ್ದೇ ಇರಲಿ ಎಂದುಕೊಂಡೆವು.

ಇಟ್ಟಂಗಿ ಸಾಗಿಸುವ ಟಂಟಂನಲ್ಲಿ ಗೋಣಿಚೀಲ ಹಾಸಿ, ಮೋತ್ಯಾನನ್ನು ಮಲಗಿಸಿಕೊಂಡು ಬೆಳಗಾವಿಗೆ ಹೋದೆವು. ಸುಮಾರು 25 ಕಿಲೋಮೀಟರು. ರಸ್ತೆಯ ಒಂದೊಂದು ಕುಣಿಗೂ ಅವನು ನರಳಿದ. ಅಲ್ಲಿ ಕಾರಿನಲ್ಲಿ ಬಂದವರ ನಾಯಿಗಳು ಸರಪಳಿ ಹಿಡಿಸಿಕೊಂಡು ಕುಳಿತಿದ್ದವು. ಪಕ್ಕದವರೊಬ್ಬರು ನಗುತ್ತಲೇ ಕೇಳಿದರು: "ಇದು ಯಾವ ಜಾತಿರೀ?" ಅವರು ಕೇಳಿದ್ದು ನಾಯಿಯದ್ದು. ನಮ್ಮ ಮೈ ಒಂದು ಗಳಿಗೆ ಬಿಗಿಯಿತು. ಅವ್ವ ಹೇಳಿದಳು: "ಖಾನಾಪುರದ್ದರಿ."

ಡಾಕ್ಟರಬಾಯಿ ಕಾಲಿಗಿಂತ ಮೊದಲು ನಿದ್ದೆಯ ಬಗ್ಗೆ ಕೇಳಿದರು. "ರಾತ್ರಿ ಮಲಗತಾನೇನು?" ಇಲ್ಲ. ಮಲಗಿ ಎಷ್ಟೋ ರಾತ್ರಿಗಳಾಗಿದ್ದವು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಮುಂಗಾಲಿನ ಎಲುಬು ಗೆದ್ದಲು ತಿಂದ ತೊಲೆಯಂತಿತ್ತು. ಸೂಜಿಯಿಂದ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಹತ್ತು ದಿನಕ್ಕೆ ಇಂಗ್ಲಿಷಿನ ಕಾಗದ ಬಂತು: ಆಸ್ಟಿಯೋಸಾರ್ಕೋಮಾ. ಎಲುಬಿನ ಕ್ಯಾನ್ಸರು.

ನಮ್ಮ ಮನೆಯಲ್ಲಿ ಡಿಗ್ರಿ ಕಂಡವರಲ್ಲಿ ಮೊದಲಿಗರು ನಾವು. ರೇಶನ್ ಕಾರ್ಡಿನ ಅರ್ಜಿಯಿಂದ ಹಿಡಿದು ಕೋರ್ಟಿನ ನೋಟೀಸಿನ ತನಕ ಕೇರಿಯ ಕಾಗದಗಳೆಲ್ಲ ನಮ್ಮ ಕೈಗೇ ಬರುತ್ತವೆ. ಇದೂ ಬಂತು. ಡಾಕ್ಟರಬಾಯಿ ಹೇಳಿದ್ದನ್ನು, ಕಾಗದದಲ್ಲಿ ಇದ್ದದ್ದನ್ನು ಸಮಾಜಮಂದಿರದ ಕಟ್ಟೆಯ ಮೇಲೆ ಕುಳಿತು ಹೀಗೆ ಬಿಡಿಸಿ ಹೇಳಿದೆವು:

ಈ ರೋಗ ದೊಡ್ಡ ಮೈಯ ನಾಯಿಗಳಿಗೆ ಹೆಚ್ಚು. ಗೊತ್ತಾಗುವ ಹೊತ್ತಿಗೆ ಹತ್ತರಲ್ಲಿ ಒಂಬತ್ತು ನಾಯಿಗಳ ಎದೆಗೂಡಿಗೆ ಅದರ ಬೀಜ ಹೋಗಿ ಬಿದ್ದಿರುತ್ತದೆ, ಎದೆಯ ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೂ. ಮೋತ್ಯಾನ ಎದೆಯಲ್ಲಿ ಇನ್ನೂ ಏನೂ ಕಂಡಿಲ್ಲ. ಕಾಲು ಬಿಟ್ಟು ಬರೀ ಗುಳಿಗೆ ಕೊಟ್ಟರೆ ನೋವು ಏರುತ್ತ ಹೋಗುತ್ತದೆ, ಒಂದು ದಿನ ಸುಮ್ಮನೆ ಹೆಜ್ಜೆ ಇಟ್ಟಾಗಲೇ ಎಲುಬು ಮುರಿಯಬಹುದು. ಮುರಿದದ್ದು ಕೂಡುವುದಿಲ್ಲ. ಕಾಲು ತೆಗೆದರೆ ಆ ನೋವು ಹೋಗುತ್ತದೆ, ರೋಗ ಹೋಗುವುದಿಲ್ಲ. ಕಾಲು ಮಾತ್ರ ತೆಗೆದ ನಾಯಿಗಳಲ್ಲಿ ಅರ್ಧದಷ್ಟು ನಾಲ್ಕೈದು ತಿಂಗಳು ದಾಟುವುದಿಲ್ಲ. ಮೂರು ವಾರಕ್ಕೊಮ್ಮೆ ನಾಲ್ಕರಿಂದ ಆರು ಸಲ ಕಿಮೋ ಕೊಟ್ಟರೆ ಹತ್ತು ತಿಂಗಳು, ಒಂದು ವರ್ಷದ ತನಕ ಹೋಗಬಹುದು. ಇದಾವುದೂ ಬೇಡವೆಂದರೆ ಸೂಜಿ ಹಾಕಿ ನೋವಿಲ್ಲದೆ ಮಲಗಿಸಬಹುದು.

ಆಪರೇಷನ್ನು, ಗುಳಿಗೆ, ಪಟ್ಟಿ ಎಲ್ಲ ಸೇರಿ 14 ಸಾವಿರ ರೂಪಾಯಿ. ಆ ವರ್ಷ ಉದ್ಯೋಗ ಖಾತರಿಯ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಅಂದರೆ ಒಬ್ಬರ 40 ದಿನದ ಬೆವರು.

ಮೊದಲು ಮಾತಾಡಿದವನು ಕಾಕಾ. "ಮೂರು ಕಾಲಿನ ನಾಯಿ ತಗೊಂಡು ಏನ ಮಾಡೂದು? ಭಟ್ಟಿ ಕಾಯ್ತೈತೇನು? ಓಡಾಕ ಬರೂದಿಲ್ಲ, ಕಡ್ಯಾಕ ಬರೂದಿಲ್ಲ. ಸೂಜಿ ಹಾಕಿಸಿಬಿಡ್ರಿ." ಕಾಕಾ ಕಟುಕನಲ್ಲ. ಮರಿಯಾಗಿದ್ದಾಗ ಮೋತ್ಯಾನಿಗೆ ಹಾಲು ಕುಡಿಸಿದವನು ಅವನೇ. ಬಡವನ ಮನೆಯಲ್ಲಿ ದುಡಿಯದ ಬಾಯಿಗೆ ಅನ್ನ ಎಲ್ಲಿಂದ ಬರುತ್ತದೆ ಎಂಬುದು ಅವನ ಲೆಕ್ಕ.

ಎರಡನೆಯ ಮಾತು ನಮ್ಮ ಸಂಘದ ಹುಡುಗರದ್ದು. ಅದು ಇನ್ನೂ ಖಾರವಾಗಿತ್ತು. "ನಮ್ಮ ಮಂದಿಗೆ ಇಲ್ಲದ ಆಪರೇಷನ್ ನಾಯಿಗ್ಯಾಕ? ದೊಡ್ಡವ್ವ ಹೆಂಗ ಸತ್ತಳು, ಮರತ್ರೇನು?"

ಮರೆತಿರಲಿಲ್ಲ. ದೊಡ್ಡವ್ವನ ಎದೆಯಲ್ಲಿ ಗಡ್ಡೆಯಾಗಿತ್ತು. ಹುಬ್ಬಳ್ಳಿಗೋ ಬೆಂಗಳೂರಿನ ಕಿದ್ವಾಯಿಗೋ ಹೋಗಿ ಎಂದಿದ್ದರು. ಹೋಗುವವಳ ಕೂಲಿ, ಜೊತೆಗೆ ಹೋಗುವವರ ಕೂಲಿ, ಅಲ್ಲಿ ಉಳಿಯುವ ಖರ್ಚು, ಇದನ್ನೆಲ್ಲ ಕೂಡಿಸುತ್ತ ಕೂಡಿಸುತ್ತ ದಿನ ಹೋದವು. ಕೊನೆಗೆ ಅವಳು ಗುಡಿಸಲ ಮೂಲೆಯಲ್ಲೇ ಹೋದಳು. ಆ ಮಾತಿಗೆ ನಮ್ಮ ಬಳಿ ಉತ್ತರವಿರಲಿಲ್ಲ. ಓದಿದ ಪುಸ್ತಕಗಳಲ್ಲೂ ಇರಲಿಲ್ಲ.

ಉತ್ತರ ಕೊಟ್ಟವಳು ದೊಡ್ಡವ್ವನ ಮಗಳು, ನಮ್ಮ ಅಕ್ಕ. "ನಮ್ಮವ್ವ ಮೂರು ತಿಂಗಳ ಒದರಿದ್ದು ನಾ ಕೇಳೇನಿ. ನೀವು ನಿಮ್ಮ ನಿಮ್ಮ ಮನ್ಯಾಗ ಮಲಗಿದ್ರಿ, ನಾ ಆಕೀ ಮಗ್ಗಲದಾಗ ಇದ್ದೆ. ಆಕೀಗೆ ಆಗಲಿಲ್ಲ ಅಂತ ಇದಕ್ಕೂ ಬ್ಯಾಡ ಅಂದ್ರ, ಆಕೀ ನೋವು ಕಮ್ಮಿ ಆಕೈತೇನು? ಈಗ ಈ ನಾಯಿ ರಾತ್ರಿ ಒದರತೈತಿ. ನನಗ ಮತ್ತ ಅದನ್ನ ಕೇಳಾಕ ಆಗೂದಿಲ್ಲ." ಸೆರಗಿನ ಗಂಟು ಬಿಚ್ಚಿ ಐದುನೂರರ ಒಂದು ನೋಟು ಕಟ್ಟೆಯ ಮೇಲೆ ಇಟ್ಟಳು.

ಆಮೇಲೆ ಮುತ್ಯಾ ಬಾಯಿ ತೆರೆದ. ಮುತ್ಯಾನಿಗೆ ಬಲಗೈಯಿಲ್ಲ. 1985ರಲ್ಲಿ ಒಂದು ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಅರೆಯುವ ಯಂತ್ರಕ್ಕೆ ಸಿಕ್ಕಿ ಭುಜದಿಂದಲೇ ಹೋಯಿತು. ಕಾರ್ಮಿಕರ ಪರಿಹಾರದ ಕಾಯ್ದೆ 1923ರದ್ದು. ಭುಜದ ಕೀಲಿನಲ್ಲಿ ತೋಳು ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 90 ಪಾಲು ಹೋಯಿತೆಂದು ಅದರ ಪಟ್ಟಿಯಲ್ಲೇ ಇತ್ತು. ಮುತ್ಯಾನಿಗೆ ಆ ಕಾಯ್ದೆಯ ಹೆಸರನ್ನು ಯಾರೂ ಹೇಳಲಿಲ್ಲ. ಉಳಿದ ಎಡಗೈಯ ಹೆಬ್ಬೆಟ್ಟನ್ನು ಯಾವುದೋ ಕಾಗದಕ್ಕೆ ಒತ್ತಿಸಿಕೊಂಡರು, ಒಂದು ತಿಂಗಳ ಪಗಾರ ಕೊಟ್ಟು ಕಳಿಸಿದರು.

"ನನ್ನ ಕೈ ಹ್ವಾದಾಗ ಮಾಲಕರು ಬಂದ್ರು, ಮುಕಾದಮ ಬಂದ, ಬೀಗರು ಬಂದ್ರು," ಅಂದ ಮುತ್ಯಾ. "ಎಲ್ಲಾರೂ ಕೇಳಿದ್ದು ಒಂದ ಮಾತು. ಇನ್ನ ಹೆಂಗ ದುಡೀತಿ? ನೋವು ಹೆಂಗೈತೋ ಅಂತ ಒಬ್ಬರೂ ಕೇಳಲಿಲ್ಲ. ನೀವು ಅದನ್ನಽ ನಾಯಿಗೆ ಕೇಳಾಕತ್ತೀರಿ."

ಕಟ್ಟೆ ಸುಮ್ಮನಾಯಿತು. ಯಾವ ಕೆಲಸಕ್ಕೆ ಬಂದೀತು ಎಂಬ ಪ್ರಶ್ನೆ ನಮ್ಮದಲ್ಲ ಎಂದು ಆಗ ಹೊಳೆಯಿತು. ಅದು ಉಳ್ಳವರ ಪ್ರಶ್ನೆ. ನಮ್ಮ ಹಿರಿಯರ ಮೈಗೆ ಬೆಲೆ ಕಟ್ಟಿದ್ದು ಅದೇ ಪ್ರಶ್ನೆ. ಕೂಲಿ ಕೊಡುವವನ ಬಾಯಿಂದ ಕೇಳಿ ಕೇಳಿ ಅದು ನಮ್ಮ ನಾಲಗೆಯ ಮೇಲೂ ಬಂದು ಕುಳಿತಿದೆ. ಡಾಕ್ಟರಬಾಯಿ ಮೊದಲು ಕೇಳಿದ್ದು ಬೇರೆ ಪ್ರಶ್ನೆ: ರಾತ್ರಿ ಮಲಗತಾನೇನು? ನಾವು ತೀರ್ಮಾನಿಸಬೇಕಾದದ್ದು ಅದರ ಮೇಲೆ.

ಮತ್ತೆ ಬೆಳಗಾವಿಗೆ ಹೋಗಿ ಎಲ್ಲವನ್ನೂ ಕೇಳಿದೆವು. ನಾಯಿಯ ಮೈಭಾರದ ನೂರಕ್ಕೆ 60 ಪಾಲು ಮುಂಗಾಲುಗಳ ಮೇಲೆಯೇ ಬೀಳುತ್ತದೆ. ಆದ್ದರಿಂದ ಹಿಂಗಾಲು ಹೋದದ್ದಕ್ಕಿಂತ ಮುಂಗಾಲು ಹೋದದ್ದು ಕಷ್ಟ, ಆದರೂ ಬಹುತೇಕ ನಾಯಿಗಳು ಹೊಂದಿಕೊಳ್ಳುತ್ತವೆ. ಉಳಿದ ಮೂರು ಕಾಲು, ಸೊಂಟ, ಹೃದಯ ಗಟ್ಟಿಯಿರಬೇಕು. ಅವನ್ನೆಲ್ಲ ಒತ್ತಿ, ಮಡಚಿ, ಬಡಿತ ಕೇಳಿ ನೋಡಿದರು. "ಇವ ಆಗಲೇ ಮೂರು ಕಾಲಿನ ಮ್ಯಾಲ ನಡ್ಯಾಕತ್ತಾನ. ನಾಕನೇದು ಬರೇ ನೋಯಿಸಾಕ ಐತಿ," ಎಂದರು. ಎದೆಯ ಎಕ್ಸ್‌ರೇಯಲ್ಲಿ ಗಡ್ಡೆ ಕಂಡಿದ್ದರೆ ಕಾಲು ತೆಗೆಯಲು ಹೇಳುತ್ತಿರಲಿಲ್ಲ ಎಂದೂ ಹೇಳಿದರು.

ಕಿಮೋ ಬೇಡವೆಂದೆವು. ಅಷ್ಟು ದುಡ್ಡು ಕೇರಿಯ ಎಲ್ಲ ಸೆರಗುಗಳ ಗಂಟು ಬಿಚ್ಚಿದರೂ ಹುಟ್ಟುತ್ತಿರಲಿಲ್ಲ. ಕಾಲು ತೆಗೆಸಲು ಒಪ್ಪಿದೆವು. ಒಪ್ಪಿಗೆಯ ಕಾಗದ ಇಂಗ್ಲಿಷಿನಲ್ಲಿತ್ತು. ಅರವಳಿಕೆಯಲ್ಲೇ ಜೀವ ಹೋಗಬಹುದು ಎಂಬ ಸಾಲಿನ ತನಕ ಒಂದೊಂದನ್ನೂ ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಿದೆವು. ಮುತ್ಯಾ ಕೇಳಿಸಿಕೊಂಡ, ಅವ್ವ ಕೇಳಿಸಿಕೊಂಡಳು. ಆಮೇಲೆ ಸಹಿ ಮಾಡಿದೆವು.

ಡಿಸೆಂಬರಿನಲ್ಲಿ ಭುಜದ ಹಲಗೆಯೆಲುಬಿನ ಸಮೇತ ಆ ಕಾಲನ್ನು ತೆಗೆದರು. ಮರುದಿನವೇ ಎದ್ದು ನಿಂತ. ಎರಡು ಸಲ ಮುಗ್ಗರಿಸಿದ, ಮೂರನೆಯ ಸಲ ನಿಂತುಕೊಂಡ. ಹೊಲಿಗೆ ನೆಕ್ಕದಂತೆ ಹಳೆಯ ಪ್ಲಾಸ್ಟಿಕ್ ಬಕೀಟಿನ ತಳ ಕತ್ತರಿಸಿ ಕೊರಳಿಗೆ ಹಾಕಿದೆವು. ನುಣುಪು ನೆಲದ ಮೇಲೆ ಜಾರದಂತೆ ಗೋಣಿಚೀಲ ಹಾಸಿದೆವು. ಎರಡು ವಾರಕ್ಕೆ ಹೊಲಿಗೆ ಬಿಚ್ಚಿದರು. ಅಷ್ಟರಲ್ಲಿ ಅವನು ರಾತ್ರಿಯಿಡೀ ಮಲಗುತ್ತಿದ್ದ. ಮಕ್ಕಳು ಮೊದಲು ಕುಂಟ ಮೋತ್ಯಾ ಎಂದರು. ಆಮೇಲೆ ಬರೀ ಮೋತ್ಯಾ ಎಂದರು. ಕುಂಟು ಎಂಬ ನಾಚಿಕೆ ಮನುಷ್ಯರದ್ದು, ನಾಯಿಗೆ ಅದರ ಗೊಡವೆಯಿಲ್ಲ. ಭಟ್ಟಿಯ ಕಾವಲಿಗೆ ಕರೆದೊಯ್ಯುವುದನ್ನು ಅಪ್ಪ ನಿಲ್ಲಿಸಿದ್ದ. ಅವನು ತಾನಾಗಿಯೇ ಜಿಗಿಯುತ್ತ ಹಿಂದೆ ಹೋದ.

2025ರ ಮೇ ತಿಂಗಳಲ್ಲಿ ಕೆಮ್ಮು ಶುರುವಾಯಿತು. ಎದೆಯಲ್ಲಿ ಗಡ್ಡೆಗಳು ಕಂಡವು. ಉಸಿರಿಗೆ ಒದ್ದಾಡುವ ದಿನ ಬರುವ ಮೊದಲೇ ಸೂಜಿ ಹಾಕಿಸಿದೆವು. ಆ ಸಲ ಕಟ್ಟೆಯ ಮೇಲೆ ವಾದ ನಡೆಯಲಿಲ್ಲ. ಹುಗಿಯಲು ಊರಿನಿಂದ ಯಾರೂ ಕರೆ ಕಳಿಸಲಿಲ್ಲ, ನಮ್ಮ ನಾಯಿಯನ್ನು ನಾವೇ ಹೊತ್ತುಕೊಂಡು ಹೋದೆವು. ಕುಣಿ ತೋಡಿದವನು ಕಾಕಾ. 14 ಸಾವಿರ ದಂಡವಾಯಿತು ಎಂದು ಕಾಕಾ ಈಗಲೂ ಹೇಳುತ್ತಾನೆ. ಐದು ತಿಂಗಳ ನಿದ್ದೆ ಎಂದು ಅಕ್ಕ ಹೇಳುತ್ತಾಳೆ. ಇಬ್ಬರೂ ಒಂದೇ ಕಟ್ಟೆಯ ಮೇಲೆ ಕುಳಿತು ಹೇಳುತ್ತಾರೆ.

ಗೆಳೆಯರೇ, ಹಳ್ಳಿಯ ಮಾಸ್ತರರೇ, ನಿಮ್ಮ ಕಡೆಯೂ ಕಾಲೆತ್ತಿ ನಡೆಯುವ ನಾಯಿಗಳಿರುತ್ತವೆ. ಗುಳಿಗೆಗೆ ಬಗ್ಗದ ಕುಂಟು, ಎಲುಬಿನ ಮೇಲೆ ಗಟ್ಟಿ ಬಾವು ಕಂಡರೆ ಎಕ್ಸ್‌ರೇ ತೆಗೆಸಿರಿ. ಮನುಷ್ಯರ ನೋವಿನ ಗುಳಿಗೆ ಕೊಡಬೇಡಿರಿ. ಐಬುಪ್ರೊಫೆನ್‌ನಂಥವು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಎದೆಯ ಚಿತ್ರ ನೋಡದೆ ಕಾಲು ಕಡಿಸಬೇಡಿರಿ. ಕಾಲು ಕಡಿಸಲೇಬೇಕೆಂದು ನಾವು ಹೇಳುವುದಿಲ್ಲ. ಮುದಿ ನಾಯಿಗೆ, ಉಳಿದ ಕಾಲು ಸೋತ ನಾಯಿಗೆ, ದುಡ್ಡು ಹುಟ್ಟದ ಮನೆಗೆ ಸೂಜಿಯೂ ಕರುಣೆಯೇ. ಆದರೆ ತೀರ್ಮಾನಕ್ಕೆ ಕುಳಿತಾಗ ಮೊದಲ ಪ್ರಶ್ನೆ ನೋವಿನದ್ದಾಗಿರಲಿ.

ದೊಡ್ಡವ್ವನ ಪ್ರಶ್ನೆ ಹಾಗೆಯೇ ಉಳಿದಿದೆ. ಅದನ್ನು ಕೇಳಬೇಕಾದದ್ದು ಮೋತ್ಯಾನನ್ನಲ್ಲ. ಕೂಲಿಯ ಹೆಣ್ಣುಮಗಳೊಬ್ಬಳು ಕ್ಯಾನ್ಸರಿಗೆ ಔಷಧಿ ತೆಗೆದುಕೊಳ್ಳಬೇಕಾದರೆ ಜೊತೆಗೆ ಹೋಗುವವರ ಕೂಲಿ ಯಾರು ಕೊಡಬೇಕು? ಸಂಘದ ಮುಂದಿನ ಸಭೆಯಲ್ಲಿ ಈ ಒಂದೇ ವಿಷಯ ಇಟ್ಟಿದ್ದೇವೆ. ಅಕ್ಕ ಮಾತಾಡುತ್ತಾಳೆ.