ಮುಂಚಕ್ರದ ಕೆಲಸ: ಬೆಂಗಳೂರಿನ ರ‍್ಯಾಲಿ ಗ್ಯಾರೇಜುಗಳಲ್ಲಿ ಕಂಡ ಬದಲಾವಣೆ

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳನ್ನೂ ನಗರದ ಹಳೆಯ ಗ್ಯಾರೇಜುಗಳನ್ನೂ 1980ರ ದಶಕದಿಂದ ನೋಡುತ್ತ ಬಂದವರಿಗೆ, ರ‍್ಯಾಲಿಗಾಗಿ ಕಾರನ್ನು ಸಜ್ಜುಗೊಳಿಸುವ ಕಸುಬಿನಲ್ಲಿ ಗುರುತು ಸಿಗದಷ್ಟು ಬದಲಾದದ್ದು ಮುಂಚಕ್ರದ ಸುತ್ತಲಿನ ಕೆಲಸವೇ ಎಂಬುದು ತಿಳಿದಿದೆ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಎಂಜಿನ್ನಿನ ಶಕ್ತಿ ಹಿಂಚಕ್ರಗಳಿಗೆ ಹರಿಯುತ್ತಿತ್ತು. ಅಂಥ ವಾಹನಗಳ ಮುಂದಿನ ಹಬ್‌ನಲ್ಲಿ, ಎಂದರೆ ಚಕ್ರವನ್ನು ಬಿಗಿಯುವ ನಡುಭಾಗದಲ್ಲಿ, ಸಾಮಾನ್ಯವಾಗಿ ಒಳಗೊಂದು ಹೊರಗೊಂದು ಬಿಡಿ ಬೇರಿಂಗುಗಳಿದ್ದು, ಅವನ್ನು ಕಳಚಿ, ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ಕೂರಿಸಬಹುದಾಗಿತ್ತು. ಮೇಸ್ತ್ರಿಗಳು ಎಡ ಅಂಗೈಯಲ್ಲಿ ಗ್ರೀಸಿನ ಮುದ್ದೆಯಿಟ್ಟು, ಬೇರಿಂಗಿನ ಅಗಲವಾದ ಅಂಚನ್ನು ಅದಕ್ಕೆ ಒತ್ತಿ ಒತ್ತಿ, ಒಳಸಂದುಗಳಿಂದ ಗ್ರೀಸು ಆಚೆ ಬದಿಗೆ ಇಣುಕುವವರೆಗೂ ಬಿಡುತ್ತಿರಲಿಲ್ಲ. ಆಮೇಲೆ ಚಕ್ರವನ್ನು ತಿರುಗಿಸುತ್ತಲೇ ನಟ್ಟು ಬಿಗಿದು, ಕೊಂಚ ಸಡಿಲಿಸಿ, ಸ್ಪ್ಲಿಟ್ ಪಿನ್ನು ತೂರಿಸಿ ಬಗ್ಗಿಸುತ್ತಿದ್ದರು. ಬಿಗಿ ಹೆಚ್ಚಾದರೆ ಬೇರಿಂಗು ಕಾದು ಕೆಡುತ್ತಿತ್ತು, ಕಡಿಮೆಯಾದರೆ ಚಕ್ರ ಅಲುಗುತ್ತಿತ್ತು, ಎರಡರ ನಡುವಿನ ಅಳತೆ ಮಾತ್ರ ಅವರ ಬೆರಳುಗಳಿಗೇ ಗೊತ್ತಿತ್ತು.

1983ರಲ್ಲಿ ಬಂದ ಮಾರುತಿ 800 ಮತ್ತು 1990ರ ದಶಕದಲ್ಲಿ ರ‍್ಯಾಲಿಯವರ ಅಚ್ಚುಮೆಚ್ಚಾದ ಎಸ್ಟೀಮ್ ಕಾರುಗಳು ಮುಂಚಕ್ರ ಚಾಲನೆಯನ್ನೂ ಮ್ಯಾಕ್‌ಫರ್ಸನ್ ಸ್ಟ್ರಟ್ಟನ್ನೂ ಮನೆಮಾತಾಗಿಸಿದವು. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ಈ ವ್ಯವಸ್ಥೆಯಲ್ಲಿ ಸುರುಳಿ ಸ್ಪ್ರಿಂಗೂ ಷಾಕ್ ಅಬ್ಸಾರ್ಬರೂ ಒಂದೇ ಕಂಬವಾಗಿ ಸೇರಿರುವುದರಿಂದ, ಆ ಕಂಬವನ್ನೇ ಬದಲಿಸಿದರೆ ಕಾರಿನ ನಡೆ ಬದಲಾಗುತ್ತಿತ್ತು. ಗಡುಸಾದ ಸ್ಪ್ರಿಂಗು, ಎತ್ತರವನ್ನು ಏರಿಳಿಸಲು ತಿರುಪಿನ ಎಳೆ ಕೊರೆದ ಹೊರಕೊಳವೆ, ರಬ್ಬರಿನ ಬದಲು ಪಾಲಿಯುರೆಥೇನ್ ಬುಷ್, ಕ್ಯಾಂಬರ್ ತಿದ್ದುವ ಮೇಲ್ತಟ್ಟೆ ಒಂದೊಂದಾಗಿ ಬಂದವು. ಎದುರಿನಿಂದ ನೋಡಿದಾಗ ಚಕ್ರ ಎಷ್ಟು ವಾಲಿದೆ ಎಂಬ ಕೋನವೇ ಕ್ಯಾಂಬರ್. ತಿರುವಿನಲ್ಲಿ ಕಾರು ಹೊರಳಿದಾಗಲೂ ಹೊರಬದಿಯ ಟೈರು ನೆಲವನ್ನು ಪೂರ್ತಿ ಹಿಡಿಯಲೆಂದು ಚಕ್ರದ ಮೇಲ್ತುದಿಯನ್ನು ತುಸು ಒಳಕ್ಕೆ ವಾಲಿಸುತ್ತಾರೆ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಗೆ ಕಾರು ಎತ್ತರವಾಗಿ ನಿಂತು ಚಕ್ರ ಉದ್ದಕ್ಕೆ ಏರಿಳಿಯಬೇಕು, ಡಾಂಬರು ಟ್ರ್ಯಾಕಿಗೆ ತಗ್ಗಬೇಕು.

ಬೇರಿಂಗಿನ ಕತೆ ಇಷ್ಟು ಸಂತೋಷದ್ದಲ್ಲ. ಈ ಮುಂಚಕ್ರ ಚಾಲನೆಯ ಕಾರುಗಳ ಬೇರಿಂಗುಗಳನ್ನು ಸ್ಟೀರಿಂಗ್ ನಕಲ್ ಎಂಬ ಎರಕದ ಭಾಗಕ್ಕೆ ಒತ್ತಿ ಕೂರಿಸಬೇಕಿತ್ತು. ಹಾಗೆ ಒತ್ತುವಾಗ ಬಲವೆಲ್ಲ ಹೊರಬಳೆಯ ಮೇಲೇ ಬೀಳಬೇಕು, ಹಬ್ಬನ್ನು ತೂರಿಸುವಾಗ ಒಳಬಳೆಗೆ ಆಸರೆ ಇರಬೇಕು. ಹೈಡ್ರಾಲಿಕ್ ಪ್ರೆಸ್ ಇಲ್ಲದ ಕಡೆ ಸುತ್ತಿಗೆಯಿಂದ ಬಡಿದಾಗ ಗುಂಡುಗಳು ತಮ್ಮ ಓಡುದಾರಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತಗ್ಗುಗಳನ್ನು ಮೂಡಿಸುತ್ತಿದ್ದವು, ಹೊಸ ಬೇರಿಂಗೇ ಕೆಲವು ದಿನಗಳಲ್ಲಿ ಗುಂಯ್‌ಗುಡತೊಡಗುತ್ತಿತ್ತು. ಈಗಿನ ಅನೇಕ ಕಾರುಗಳಲ್ಲಿ ಹಬ್ಬೂ ಬೇರಿಂಗೂ ಎಬಿಎಸ್ ಬ್ರೇಕಿಗೆ ಬೇಕಾದ ವೇಗಸೂಚಿಯ ಕಾಂತೀಯ ಬಳೆಯೂ ಕೂಡಿದ ಒಂದೇ ಘಟಕವನ್ನು ಬೋಲ್ಟು ಹಾಕಿ ಬಿಗಿದರಾಯಿತು. ತಪ್ಪಿಗೆ ಆಸ್ಪದ ಕಡಿಮೆ, ಆದರೆ ಕೆಟ್ಟರೆ ರಿಪೇರಿಯಿಲ್ಲ, ಇಡೀ ಘಟಕವನ್ನೇ ಎಸೆಯಬೇಕು.

ಸ್ಪ್ರಿಂಗಿಗೂ ಅಗಲ ಟೈರಿಗೂ ಧಾರಾಳವಾಗಿ ಹಣ ಸುರಿಯುವವರು ಬೇರಿಂಗನ್ನು ಮರೆಯುವುದು ಹಿಂದೆಯೂ ಇತ್ತು, ಇಂದಿಗೂ ಇದೆ. ಗುಂಡಿನ ಬೇರಿಂಗಿನ ಮೇಲೆ ಭಾರ ಇಮ್ಮಡಿಯಾದರೆ ಅದರ ಆಯುಸ್ಸು ಲೆಕ್ಕದಲ್ಲಿ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಚಕ್ರವನ್ನು ಹೊರಕ್ಕೆ ಸರಿಸುವ ರಿಮ್ಮು ಬೇರಿಂಗಿನ ಮೇಲಿನ ಒತ್ತಡವನ್ನು ಇನ್ನೂ ಹೆಚ್ಚಿಸುತ್ತದೆ. ಆದ್ದರಿಂದ ಹೊಸ ಸ್ಟ್ರಟ್ ಕೊಳ್ಳಹೊರಟವರು ಮೊದಲು ಕಾರನ್ನು ಜಾಕಿನ ಮೇಲೆತ್ತಿ, ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡಲಿ. ಅಲುಗಿದರೆ ಅಥವಾ ತಿರುಗಿಸಿದಾಗ ಸದ್ದು ಬಂದರೆ ಹಣ ಮೊದಲು ಅಲ್ಲಿಗೇ ಹೋಗಲಿ.