ಗೋಡೆಯ ತೂತು, ಗೋಡೆಯ ಬಿರುಕು

ಬಸವಕಲ್ಯಾಣದ ನಮ್ಮ ಹಳೆಯ ಮನೆಯ ಗೋಡೆಗಳು ಕಲ್ಲು-ಮಣ್ಣಿನವು, ಮೇಲೆ ಸುಣ್ಣದ ಗಿಲಾವು. ಒಂದು ಮೊಳೆ ಹೊಡೆದರೆ ಅಂಗೈಯಗಲ ಉದುರುತ್ತದೆ. ರಂಜಾನ್ ಹತ್ತಿರವಾದಂತೆ ಈ ತೂತುಗಳನ್ನು ಮುಚ್ಚುವ ಕೆಲಸ ನಮ್ಮ ಪಾಲಿಗೆ.

ಇದಕ್ಕೆ ಗೌಂಡಿಯೇ ಬೇಕೆಂದಿಲ್ಲ. ಗಟ್ಟಿ ಅಂಚು ಸಿಗುವ ತನಕ ಕೆರೆದು, ಧೂಳು ಕೊಡವಿ, ನೀರು ಚಿಮುಕಿಸಬೇಕು. ಒಣ ಗೋಡೆ ಗಾರೆಯ ನೀರನ್ನೆಲ್ಲ ಹೀರಿದರೆ ತೇಪೆ ಹಿಡಿಯದು. ಒಂದು ಪಾಲು ಅರಳಿದ ಸುಣ್ಣಕ್ಕೆ ಮೂರು ಪಾಲು ಜರಡಿ ಹಿಡಿದ ಮರಳು. ಆಳವಿದ್ದರೆ ಪದರ ಪದರವಾಗಿ ತುಂಬಬೇಕು. ಕೆಲವು ದಿನ ತೇವ ಉಳಿಸಬೇಕು.

'ಸಿಮೆಂಟ್ ಬಡಿದುಬಿಡಿ' ಎನ್ನುವವರು ಬಹಳ. ಹುಮನಾಬಾದಿನ ಆಪಾ ಮನೆಯಲ್ಲಿ ಹಾಗೇ ಮಾಡಿದರು. ಗೋಡೆಯ ತೇವ ಹೊರಬರಲು ದಾರಿಯಿಲ್ಲದೆ, ಎರಡು ಮಳೆಗಾಲದಲ್ಲಿ ತೇಪೆ ಸುತ್ತಲಿನ ಮಣ್ಣನ್ನೂ ಕಿತ್ತುಕೊಂಡು ಬಿತ್ತು.

ಆದರೆ ತೂತು ಬೇರೆ, ಬಿರುಕು ಬೇರೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆಯ ಕಿಲ್ಲಾರಿ ಸೀಮೆಯಲ್ಲಿ ಭೂಮಿ ನಡುಗಿದಾಗ, ಮಲಗಿದ್ದ ಸಾವಿರಾರು ಜನರ ಮೇಲೆ ಬಿದ್ದದ್ದು ಇಂಥವೇ ದಪ್ಪ ಗೋಡೆಗಳು, ಮಣ್ಣಿನ ಭಾರದ ಮಾಳಿಗೆಗಳು. ಗೋಡೆಯ ಎರಡು ಮೈಗಳನ್ನು ಬೆಸೆಯುವ ಉದ್ದ ಕಲ್ಲುಗಳು ಅವಕ್ಕಿರಲಿಲ್ಲ.

ಅಮ್ಮಿ ಮಲಗುವ ಕೋಣೆಯ ಮೂಲೆಯಲ್ಲೂ ಒಂದು ಬಿರುಕಿದೆ. ಅದಕ್ಕೆ ಅಡ್ಡಲಾಗಿ ಗಾಜಿನ ಚೂರನ್ನು ಗಾರೆಯಿಂದ ಕೂರಿಸಿ ತಾರೀಖು ಬರೆದಿದ್ದೇವೆ. ಗಾಜು ಒಡೆದರೆ ಗೋಡೆ ಸರಿಯುತ್ತಿದೆ ಎಂದರ್ಥ. ಆಗ ಕೋಣೆ ಬಿಟ್ಟು ಬಲ್ಲವರನ್ನು ಕರೆಯಬೇಕು. ಹಬ್ಬಕ್ಕೆ ಬಂದವರು ನೋಡುತ್ತಾರೆ, ಸುಣ್ಣ ಬಳಿದುಬಿಡಿ ಎಂದು ಅಮ್ಮಿಯ ತಗಾದೆ. ನೋಡಲಿ. ಅಮ್ಮಿಯ ಹಾಸಿಗೆಯನ್ನು ಮಾತ್ರ ಪಡಸಾಲೆಗೆ ತಂದಿದ್ದೇವೆ.