ಕಾವಲುಗಾರನ ಅರ್ಥ ಹೇಳಿದವರು ಯಾರು?

ಬೆಂಗಳೂರಿನ ಪಶ್ಚಿಮ ದಿಕ್ಕಿನ ಬಡಾವಣೆಗಳಲ್ಲಿ ಭಾನುವಾರ ತುಸು ತಡವಾಗಿ ಕಣ್ಣು ಬಿಡುತ್ತದೆ. ರಾಜಾಜಿನಗರದ ನವರಂಗ್ ವೃತ್ತದಲ್ಲಿ ಬಸ್ಸುಗಳ ಅಬ್ಬರ ಇನ್ನೂ ಏರಿರುವುದಿಲ್ಲ. ಹೋಟೆಲುಗಳ ಮುಂದೆ ಇಡ್ಲಿ ಕಟ್ಟಿಸಿಕೊಳ್ಳುವವರ ಸಾಲು, ಅಡ್ಡರಸ್ತೆಗಳಲ್ಲಿ ಆಗತಾನೇ ನೀರು ಚಿಮುಕಿಸಿ ಬರೆದ ರಂಗೋಲಿ. ಗೇಟುಗಳ ಮೇಲೆ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಹೇಳಿಕೊಡುವವರ ಫಲಕಗಳು ಅಲ್ಲಲ್ಲಿ ಕಾಣುತ್ತವೆ. ಆಟ ಹೇಳಿಕೊಡುತ್ತೇವೆ ಎಂಬ ಫಲಕ ಮಾತ್ರ ಅಪರೂಪ. ಹಾಗೆಂದು ಇಲ್ಲಿ ಆಟವೇ ಇಲ್ಲವೆಂದಲ್ಲ. ಅದು ಬಾಗಿಲೊಳಗೆ, ಮಹಡಿಯ ಮೇಲೆ, ಚಾಪೆ ಹಾಸಿದ ಕಡೆ ನಡೆಯುತ್ತಿರುತ್ತದೆ.

ರಾಜಾಜಿನಗರಕ್ಕೆ ಹೆಸರಾದವರು 1948ರಿಂದ 1950ರವರೆಗೆ ಗವರ್ನರ್ ಜನರಲ್ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರಿ. ಮಹಾಭಾರತವನ್ನು ಸಾಮಾನ್ಯ ಓದುಗರಿಗೆ ಸರಳವಾಗಿ ಹೇಳಿದವರಲ್ಲಿ ಅವರೂ ಒಬ್ಬರು. ಆ ಕಥೆ ತಿರುವು ಪಡೆಯುವುದೇ ಒಂದು ದಾಳದಾಟದಲ್ಲಿ. ಧರ್ಮರಾಯನಂಥವನೇ ರಾಜ್ಯವನ್ನು ಪಣಕ್ಕಿಟ್ಟು ಕಳೆದುಕೊಂಡನೆಂದು ಕೇಳಿ ಬೆಳೆದ ಹಿರಿಯರಿಗೆ ಆಟವೆಂದರೆ ಅರ್ಧ ಅಕ್ಕರೆ, ಅರ್ಧ ಅಂಜಿಕೆ. ಮಕ್ಕಳು ಪುಸ್ತಕ ಮುಚ್ಚಿ ದಾಳ ಹಿಡಿದರೆ ಹುಬ್ಬು ಗಂಟಿಕ್ಕುವುದು ಇಂದು ನಿನ್ನೆಯದಲ್ಲ.

ಆದರೂ ಹಳೆಯ ಮನೆಗಳಲ್ಲಿ ಚೌಕಾಬಾರ ಉಳಿದಿದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆಗಳ ಚೌಕ, ನಾಲ್ಕು ಕವಡೆ, ಬಳೆಚೂರೋ ಹುಣಸೆಬೀಜವೋ ಕಾಯಿಗಳು. ಅಷ್ಟೇ ಸಾಮಗ್ರಿ. ನಾಲ್ಕೂ ಬಾಯಿ ಮೇಲಾಗಿ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಇದರೊಳಗೆ ಒಂದು ಚೆಂದದ ಲೆಕ್ಕವಿದೆ. ಪ್ರತಿ ಕವಡೆಯೂ ಎರಡು ಬಗೆಯಲ್ಲಿ ಬೀಳಬಹುದಾದ್ದರಿಂದ ಒಟ್ಟು ಬಗೆಗಳು 16. ಎರಡು ಬಾಯಿ ಮೇಲಾಗುವುದು ಅದರಲ್ಲಿ 6 ಬಗೆ, ಒಂದು ಅಥವಾ ಮೂರು ಮೇಲಾಗುವುದು ತಲಾ 4 ಬಗೆ, ಚೌಕಕ್ಕೆ 1, ಬಾರಕ್ಕೆ 1. ಆದರೆ ಇದು ಕವಡೆಯ ಎರಡು ಮಗ್ಗುಲೂ ಸಮವೆಂದುಕೊಂಡರೆ ಮಾತ್ರ. ನಿಜವಾದ ಕವಡೆಗೆ ಒಂದು ಕಡೆ ಉಬ್ಬು, ಒಂದು ಕಡೆ ಚಪ್ಪಟೆ. ಒಂದೇ ಕವಡೆಯನ್ನು ನೂರು ಸಲ ಎಸೆದು ಬರೆದಿಟ್ಟರೆ ಲೆಕ್ಕಕ್ಕೂ ಲೋಕಕ್ಕೂ ಇರುವ ಅಂತರ ಮಕ್ಕಳಿಗೆ ತಾನಾಗಿ ಕಾಣುತ್ತದೆ.

ಅಲ್ಲಿಂದ ಬಸವೇಶ್ವರನಗರಕ್ಕೆ ಬಂದರೆ ದಾಳದ ರೂಪ ಬದಲಾಗುತ್ತದೆ. ಹಾವನೂರು ವೃತ್ತದ ಆಚೆಗಿನ ಒಂದು ಮನೆ. ಮಹಡಿಯ ಮೇಲೆ ಐವರು ಕಾಲೇಜು ಮಕ್ಕಳು. ನಡುವೆ ಗ್ರಾಫ್ ಹಾಳೆಯಲ್ಲಿ ಬರೆದ ಒಂದು ಕೋಟೆ. ಮಾಗಡಿ ಕಡೆಯ ಸಾವನದುರ್ಗವನ್ನು ನೋಡಿಬಂದ ಹುಡುಗನೊಬ್ಬ ಅದರಂತೆಯೇ ಬರೆದದ್ದು. ಒಬ್ಬ ಕಥೆ ನಡೆಸುತ್ತಾನೆ. ಉಳಿದ ನಾಲ್ವರಲ್ಲಿ ಒಬ್ಬಳು ಬಿಲ್ಲುಗಾರ್ತಿ, ಒಬ್ಬ ವೈದ್ಯ, ಒಬ್ಬ ಕಳ್ಳ, ಇನ್ನೊಬ್ಬಳು ಮಂತ್ರವಾದಿ. ‘ಗೋಡೆ ಹತ್ತುತ್ತೇನೆ’ ಎಂದವರು ದಾಳ ಉರುಳಿಸಬೇಕು. ಬಿದ್ದ ಸಂಖ್ಯೆ ಸಾಲದಿದ್ದರೆ ಜಾರಿ ಬೀಳಬೇಕು. ದಾಳಕ್ಕೆ ಆರು ಮುಖವಲ್ಲ, ಇಪ್ಪತ್ತು!

ಈ ಬಗೆಯ ಆಟಕ್ಕೆ ದಾರಿ ತೆರೆದದ್ದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರೂಪಿಸಿದ ಇದು 1974ರಲ್ಲಿ ಪ್ರಕಟವಾಯಿತು. ಇದರಲ್ಲಿ ಬಳಸುವ ದಾಳಗಳು ಜ್ಯಾಮಿತಿಯ ಪಾಠವೇ ಸರಿ. ಎಲ್ಲ ಮುಖಗಳೂ ಒಂದೇ ಆಗಿದ್ದು, ಪ್ರತಿ ಮೂಲೆಯಲ್ಲೂ ಅಷ್ಟೇ ಮುಖಗಳು ಕೂಡುವ ಕ್ರಮಬದ್ಧ ಘನಾಕೃತಿಗಳು ಐದೇ ಐದು: 4, 6, 8, 12 ಮತ್ತು 20 ಮುಖದವು. ಆರನೆಯದನ್ನು ಮಾಡಲು ಸಾಧ್ಯವೇ ಇಲ್ಲವೆಂದು ಪ್ರಾಚೀನ ಗ್ರೀಕರಿಗೇ ಗೊತ್ತಿತ್ತು. ಈ ಐದೂ ಆಟದ ಚೀಲದಲ್ಲಿರುತ್ತವೆ. ಜೊತೆಗೆ ಆ ಗುಂಪಿಗೆ ಸೇರದ ಹತ್ತು ಮುಖದ್ದೊಂದು. ಇಪ್ಪತ್ತು ಮುಖದ ದಾಳದಲ್ಲಿ ಯಾವ ಸಂಖ್ಯೆಯಾದರೂ ಬೀಳುವ ಅವಕಾಶ ನೂರಕ್ಕೆ ಐದು. ಆರು ಮುಖದ ಎರಡು ದಾಳಗಳನ್ನು ಒಟ್ಟಿಗೆ ಎಸೆದರೆ ಹಾಗಲ್ಲ. ಮೊತ್ತ 7 ಆಗಲು 36ರಲ್ಲಿ 6 ದಾರಿ, 12 ಆಗಲು ಒಂದೇ ದಾರಿ.

ಆಟ ಹುಟ್ಟಿದ ನಾಡಿನಲ್ಲೂ ತಂದೆತಾಯಂದಿರು ಇದಕ್ಕೆ ಹೆದರಿದ್ದುಂಟು. 1980ರ ದಶಕದಲ್ಲಿ ಇದು ಮಕ್ಕಳನ್ನು ಆತ್ಮಹತ್ಯೆಗೆ, ಮಾಟಮಂತ್ರಕ್ಕೆ ಎಳೆಯುತ್ತದೆಂದು ಅಲ್ಲಿ ದೊಡ್ಡ ಗುಲ್ಲೆದ್ದಿತ್ತು. ವಿಚಾರಿಸಿ ನೋಡಿದವರಿಗೆ ಅಂಥ ಸಂಬಂಧವೇನೂ ಕಾಣಲಿಲ್ಲ. ಬಸವೇಶ್ವರನಗರದ ಮನೆಯ ಯಜಮಾನರ ಚಿಂತೆ ಬೇರೆ. “ಪರೀಕ್ಷೆಗೆ ಇನ್ನು ಮೂರೇ ತಿಂಗಳು. ಇವನು ನೋಟ್‌ಬುಕ್ ತುಂಬಾ ರಾಕ್ಷಸರ ಲೆಕ್ಕ ಬರೆದಿದ್ದಾನೆ” ಎಂದು ಅವರು ಮೆಟ್ಟಿಲ ಬಳಿ ನಿಂತು ಗೊಣಗಿದರು. ಮೂಲೆಯ ಕುರ್ಚಿಯಲ್ಲಿ ಪತ್ರಿಕೆ ಓದುತ್ತಿದ್ದ ಅವರ ತಂದೆ, ಕಾಸರಗೋಡು ಕಡೆಯಿಂದ ಬಂದ ಹಿರಿಯರು, “ಸ್ವಲ್ಪ ನಿಲ್ಲು ಮಾರಾಯ, ಕೇಳುವ” ಎಂದರು.

ಮಹಡಿಯ ಮೇಲೆ ಕೋಟೆಯ ಕಾವಲುಗಾರ ಸೆರೆ ಸಿಕ್ಕಿದ್ದ. ಬಿಟ್ಟರೆ ಹೋಗಿ ಹೇಳಿಬಿಡುತ್ತಾನೆ, ಮುಗಿಸಿಬಿಡೋಣ ಎಂದು ಮೂವರೆಂದರು. ಒಬ್ಬಳು ಸುಮ್ಮನಿದ್ದಳು. ದಾಳ ಉರುಳಿತು, 17 ಬಿತ್ತು, ಕಾವಲುಗಾರ ಸತ್ತ. ಎಲ್ಲರೂ ಮುಂದಿನ ಬಾಗಿಲಿಗೆ ಹೊರಟರು.

ಅಜ್ಜ ಕನ್ನಡಕ ತೆಗೆದು ಕೇಳಿದರು: “ಅಲ್ಲ ಮಕ್ಕಳೇ, ಆ ಕಾವಲುಗಾರನ ಅರ್ಥ ಹೇಳಿದ್ದು ಯಾರು?”

“ಅರ್ಥ ಅಂದರೆ ಏನಜ್ಜ?” ಮೊಮ್ಮಗನಿಗೆ ಪ್ರಶ್ನೆಯೇ ತಿಳಿಯಲಿಲ್ಲ.

ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಯಕ್ಷಗಾನದ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ. ಮದ್ದಳೆ, ಚೆಂಡೆ ಜೊತೆಗೂಡುತ್ತವೆ. ಎದುರುಬದುರು ಕುಳಿತ ಅರ್ಥಧಾರಿಗಳು ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಪದ್ಯ ಮೊದಲೇ ಇರುತ್ತದೆ, ಮಾತು ಮಾತ್ರ ಆಗಿನದಾಗಲೇ ಹುಟ್ಟಬೇಕು. ಕಥೆ ಎಲ್ಲಿ ಮುಟ್ಟಬೇಕೆಂಬುದು ಎಲ್ಲರಿಗೂ ಗೊತ್ತು. ಎದುರಿನವರು ಏನು ಕೇಳುತ್ತಾರೆಂಬುದು ಯಾರಿಗೂ ಗೊತ್ತಿಲ್ಲ. ‘ವಾಲಿ ಮೋಕ್ಷ’ದಲ್ಲಿ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆಂದು ವಾಲಿ ಕೇಳುತ್ತಾನೆ, ರಾಮ ಉತ್ತರ ಕೊಡಲೇಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿ ಕರಾವಳಿಯಲ್ಲಿ ಮನೆಮಾತಾಗಿತ್ತು. ಇಂದು ರಾಮನಾದವರು ನಾಳೆ ವಾಲಿಯಾಗುವುದೂ ಅಲ್ಲಿ ಹೊಸತಲ್ಲ. ಕೂಟ ಮುಗಿದ ಮೇಲೆ ಯಾರ ಮಾತು ನಿಂತಿತು, ಯಾರದು ಹಳಿ ತಪ್ಪಿತು ಎಂಬ ವಿಮರ್ಶೆ ಊಟದ ಎಲೆಯವರೆಗೂ ನಡೆಯುತ್ತದೆ. ದಾಳವೊಂದಿಲ್ಲ ಎನ್ನುವುದು ಬಿಟ್ಟರೆ ಅಮೆರಿಕದ ಆಟಕ್ಕೂ ಇದಕ್ಕೂ ಇರುವ ಹೋಲಿಕೆ ಕಡಿಮೆಯದಲ್ಲ.

ಬಸವೇಶ್ವರನಗರದಿಂದ ದಕ್ಷಿಣಕ್ಕೆ ಇಳಿದರೆ ವಿಜಯನಗರ, ಪಕ್ಕದಲ್ಲೇ ಹಂಪಿನಗರ. ಹೆಸರಿನ ಮೂಲವಾದ ಹಂಪಿಯಲ್ಲಿ ಕಲ್ಲುಹಾಸುಗಳ ಮೇಲೆ ಕೊರೆದ ಆಟದ ಮನೆಗಳು ಇಂದಿಗೂ ಕಾಣಸಿಗುತ್ತವೆ. ನಾಡಿನ ಹಳೆಯ ದೇವಾಲಯಗಳ ಜಗಲಿಗಳಲ್ಲೂ ಅಂಥ ಗೆರೆಗಳುಂಟು. ಹಳ್ಳಿಗಳ ಆಡು–ಹುಲಿ ಆಟವನ್ನೇ ನೋಡಿ. ಒಂದು ಕಡೆ ಬೆರಳೆಣಿಕೆಯ ಹುಲಿಗಳು, ಇನ್ನೊಂದು ಕಡೆ ಆಡುಗಳ ಹಿಂಡು. ಬಲ ಸಮನಿಲ್ಲ, ನಡೆಯೂ ಸಮನಿಲ್ಲ. ಹುಲಿಯಾಗಿ ಗೆದ್ದವರು ಮುಂದಿನ ಸರದಿಯಲ್ಲಿ ಆಡಾಗಿ ಆಡಿದಾಗಲೇ ಆಟ ಪೂರ್ತಿ ತಿಳಿಯುವುದು.

ವಿಜಯನಗರದಲ್ಲಿ ಮೆಟ್ರೊ ಹತ್ತಿದರೆ ಅತ್ತಿಗುಪ್ಪೆ, ದೀಪಾಂಜಲಿನಗರ ದಾಟಿ, ಮೈಸೂರು ರಸ್ತೆಯ ಮಗ್ಗುಲಲ್ಲೇ ಸಾಗಿ, ಜ್ಞಾನಭಾರತಿಯ ಮೇಲೆ ಹಾದು ಕೆಂಗೇರಿ. 2021ರ ಆಗಸ್ಟಿನಲ್ಲಿ ಈ ದಾರಿ ತೆರೆದ ಮೇಲೆ ಕೆಂಗೇರಿ ದೂರದ ಊರಾಗಿ ಉಳಿದಿಲ್ಲ. ಅಲ್ಲಿನ ಹಳೆಯ ರೈಲು ನಿಲ್ದಾಣದಿಂದ ಹಳಿ ಮೈಸೂರಿಗೆ ಸಾಗುತ್ತದೆ, ಕನ್ನಡ ನಾಡಿನ ಆಟಗಳ ರಾಜಧಾನಿಗೆ.

ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟಗಳ ದೊಡ್ಡ ಪೋಷಕರು. 1831ರಲ್ಲಿ ಬ್ರಿಟಿಷರು ಅವರ ಕೈಯಿಂದ ಆಡಳಿತವನ್ನು ಕಿತ್ತುಕೊಂಡರು. ರಾಜ್ಯಭಾರವಿಲ್ಲದ ರಾಜ ವಿದ್ಯೆ, ಕಲೆಗಳತ್ತ ಮನಸ್ಸು ಕೊಟ್ಟರು. ಅವರ ‘ಶ್ರೀತತ್ತ್ವನಿಧಿ’ಯ ‘ಕೌತುಕನಿಧಿ’ ಭಾಗದಲ್ಲಿ ಗಂಜೀಫಾ ಎಲೆಯಾಟಗಳ ವಿವರವಿದೆ. ಚದುರಂಗದ 64 ಮನೆಗಳನ್ನೂ ಒಂದೊಂದು ಸಲವೇ ಮುಟ್ಟುತ್ತ ಕುದುರೆಯನ್ನು ಸುತ್ತಿಸುವ ಲೆಕ್ಕದಲ್ಲೂ ಅವರದು ಎತ್ತಿದ ಕೈ. ಅದೇ ಮೈಸೂರಿನಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ‘ಕ್ರೀಡಾ ಕೌಶಲ್ಯ’ ಎಂಬ ಹೆಸರಿನಲ್ಲಿ ಸಾಂಪ್ರದಾಯಿಕ ಹಾಸು, ಕಾಯಿಗಳ ಪ್ರದರ್ಶನಗಳನ್ನು ನಡೆಸಿದೆ.

ಮುಂದಿನ ಭಾನುವಾರ ಬಸವೇಶ್ವರನಗರದ ಮಹಡಿಯಲ್ಲಿ ಒಂದು ಒಪ್ಪಂದವಾಗಿತ್ತು. ಆಟ ಎರಡೇ ಗಂಟೆ, ಹನ್ನೊಂದಕ್ಕೆ ಪುಸ್ತಕ. ಈ ಆಟದಿಂದ ಅಂಕ ಹೆಚ್ಚುತ್ತದೆಂದು ಅಜ್ಜ ಹೇಳಲಿಲ್ಲ, ಮಗನೂ ನಂಬುತ್ತಿರಲಿಲ್ಲ. ಮಕ್ಕಳು ಕಥೆಯನ್ನು ಹಿಂದಕ್ಕೆ ಸರಿಸಿ ಕಾವಲುಗಾರನನ್ನು ಮತ್ತೆ ಬದುಕಿಸಿದ್ದರು. ಹಿಂದಿನ ವಾರ ಸುಮ್ಮನಿದ್ದ ಹುಡುಗಿಯೇ ಅವನ ಪಾತ್ರ ವಹಿಸಿದಳು. “ಕೋಟೆ ನನ್ನದಲ್ಲ, ಕೂಲಿ ನನ್ನದು. ನಾನು ಬಾಗಿಲು ಬಿಟ್ಟುಕೊಟ್ಟರೆ ಒಳಗಿರುವ ನನ್ನ ಮಕ್ಕಳನ್ನು ನೀವು ಕಾಯುತ್ತೀರಾ?” ಎಂದು ಕೇಳಿದಳು. ಬಿಲ್ಲುಗಾರ್ತಿಗೆ ಉತ್ತರ ಹೊಳೆಯಲಿಲ್ಲ. ವೈದ್ಯ ಏನೋ ಹೇಳಹೋಗಿ ತಡವರಿಸಿದ. ವಾದ ಬೆಳೆಯಿತು. ಕಾಫಿ ತಂದ ಯಜಮಾನರು ಲೋಟಗಳನ್ನು ಹಿಡಿದು ಮೆಟ್ಟಿಲ ಮೇಲೆಯೇ ನಿಂತರು.

ಹನ್ನೊಂದು ಹೊಡೆಯಿತು. ಕಾವಲುಗಾರನ ತೀರ್ಮಾನ ಆಗಿರಲಿಲ್ಲ. ಮೊಮ್ಮಗ ದಾಳಗಳನ್ನು ಚೀಲಕ್ಕೆ ಹಾಕಿ, ನೋಟ್‌ಬುಕ್ಕಿನಲ್ಲಿ ನಿಯಮಗಳ ಕೊನೆಗೆ ಒಂದು ಸಾಲು ಸೇರಿಸಿದ: ಸೆರೆ ಸಿಕ್ಕವರ ಅರ್ಥ ಕೇಳುವ ಮೊದಲು ದಾಳ ಎಸೆಯಬಾರದು.